ಟ್ರೇ ಎಣಿಕೆ ಸರಿ ಇತ್ತು, ತೂಕ ಸರಿ ಇರ್ಲಿಲ್ಲ: ಮೈಸೂರಿನ ಒಂದು ಚಿನ್ನದ ಅಂಗಡಿಯ ಹಬ್ಬದ ಸೀಸನ್

ಇದು ಮೈಸೂರಿನ ಹಳೇ ಪೇಟೆ ಕಡೆ ಇರೋ ಒಂದು ಚಿನ್ನದ ಅಂಗಡಿ ಪ್ರಕರಣ. ಅಂಗಡಿ ಹೆಸ್ರು, ರಸ್ತೆ, ಮನೆಯವ್ರ ವಿವರ ಯಾವ್ದೂ ಇಲ್ಲಿ ಬರಲ್ಲ, ಗುರುತು ಸಿಗಬಾರ್ದು ಅಂತ ಒಂದೆರಡು ಸಣ್ಣಪುಟ್ಟ ಸಂಗತಿ ಬದಲಾಯಿಸಿದೀನಿ, ಆದ್ರೆ ಯಾವ ತೀರ್ಮಾನ ಯಾಕೆ ತಗೊಂಡ್ರು ಅನ್ನೋದನ್ನ ಮುಟ್ಟಿಲ್ಲ. ನಾನು ಅಂಗಡಿಗಳ ಸ್ಟಾಕ್ ಆಡಿಟ್ ಮಾಡೋನು, ಅದ್ರ ಜೊತೆಗೆ ಕ್ಯಾಮೆರಾ, ಬೀಗ, ಇನ್ಶೂರೆನ್ಸ್ ಕಾಗದ ಇವನ್ನೂ ನೋಡಿಕೊಡ್ತೀನಿ. ಚಿನ್ನದ ವ್ಯಾಪಾರ ಮಾಡೋರು ಮಾತ್ರ ಅಲ್ಲ, ಬೆಳ್ಳಿ, ಮೊಬೈಲ್, ರೇಷ್ಮೆ ಸೀರೆ ಮಾರೋರಿಗೂ ಇದ್ರಲ್ಲಿ ಕೆಲಸಕ್ಕೆ ಬರೋದು ಇದೆ.

ಅಂಗಡಿ ಅಣ್ಣತಮ್ಮಂದಿರದ್ದು, ಮೂರನೇ ತಲೆಮಾರು. ದೊಡ್ಡ ಶೋರೂಮ್ ಏನಲ್ಲ, ಒಂದೇ ಫ್ಲೋರು, ಮುಂದೆ ಉದ್ದದ ಕೌಂಟರು, ಹಿಂದೆ ಸ್ಟ್ರಾಂಗ್ ರೂಮು, ಅದ್ರ ಹಿಂದಕ್ಕೆ ಕನ್ಸರ್ವೆನ್ಸಿ ಗಲ್ಲಿ, ಅಂದ್ರೆ ಕಟ್ಟಡಗಳ ಹಿಂಬದಿಯ ಕಿರಿದಾದ ಸಂದಿ. ಪಕ್ಕದ ಕಟ್ಟಡಕ್ಕೂ ಇದಕ್ಕೂ ತಾರಸಿ ಹತ್ತಿರ ಹತ್ತಿರ, ಕಾಲು ಚಾಚಿದ್ರೆ ದಾಟಬಹುದು. ಗಿರಾಕಿಗಳು ಮುಕ್ಕಾಲು ಪಾಲು ಪರಿಚಯದೋರೇ, ಟಿ. ನರಸೀಪುರ, ನಂಜನಗೂಡು, ಶ್ರೀರಂಗಪಟ್ಟಣ ಕಡೆಯಿಂದ ಅಜ್ಜಿ ಕಾಲದಿಂದ ಬರೋ ಮನೆಗಳು, ತಿಂಗಳ ಚೀಟಿ ಕಟ್ಟೋರು. ವರಮಹಾಲಕ್ಷ್ಮಿಯಿಂದ ಹಿಡಿದು ಗೌರಿ ಗಣೇಶ, ದಸರಾ, ಧನತ್ರಯೋದಶಿ, ದೀಪಾವಳಿ ತನಕ ಪುರುಸೊತ್ತಿಲ್ಲ. ಆಗ ಮಾಮೂಲಿ ಕೆಲಸದವ್ರ ಜೊತೆ ಐದಾರು ಜನ ಹುಡುಗ್ರನ್ನ ಟೆಂಪರರಿ ಅಂತ ಸೇರಿಸ್ಕೊಳ್ತಾರೆ.

ಸಮಸ್ಯೆ ಶುರುವಾಗಿದ್ದು ವರಮಹಾಲಕ್ಷ್ಮಿ ಹಬ್ಬದ ವಾರ. ಒಂದು ಚೈನು ಕಾಣೆ ಆಯ್ತು. ಕಾಣೆ ಆಗಿದ್ದು ಯಾವತ್ತು ಅನ್ನೋದೇ ಗೊತ್ತಿಲ್ಲ, ಯಾಕಂದ್ರೆ ಇವ್ರು ಸ್ಟಾಕ್ ತಾಳೆ ನೋಡ್ತಿದ್ದಿದ್ದು ವಾರಕ್ಕೊಂದು ಸಲ, ಅದೂ ಎಣಿಕೆ ಮಾತ್ರ. ಫೂಟೇಜ್ ತೆಗೆದು ನೋಡಿದ್ರೆ ಎಲ್ಲಾ ಕ್ಯಾಮೆರಾನೂ ಸೀಲಿಂಗಿಗೆ ಬಡಿದಿರೋದು, ಮೇಲಿಂದ ನೋಡುತ್ತೆ, ಹೆಂಗಸರ ಮುಡಿಯಲ್ಲಿರೋ ಮಲ್ಲಿಗೆ ಚೆನ್ನಾಗಿ ಕಾಣುತ್ತೆ, ಕೈ ಏನು ಮಾಡ್ತಿದೆ ಅಂತ ಕಾಣಲ್ಲ. ಬಾಗಿಲ ಕಡೆ ತಿರುಗಿಸಿದ್ದ ಒಂದೇ ಒಂದು ಕ್ಯಾಮೆರಾಗೆ ಹೊರಗಿನ ಬಿಸಿಲು ನೇರವಾಗಿ ಹೊಡೆದು, ಒಳಗೆ ಬರೋರ ಮುಖ ಎಲ್ಲಾ ಕಪ್ಪು. ಇನ್ಶೂರೆನ್ಸ್ ಕ್ಲೇಮ್ ಹಾಕಿದ್ರು. ಚಿನ್ನದ ಅಂಗಡಿಗಳು ತಗೊಳ್ಳೋ ಜ್ಯುವೆಲ್ಲರ್ಸ್ ಬ್ಲಾಕ್ ಪಾಲಿಸಿಯಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತೆ, ಸ್ಟಾಕ್ ಎಣಿಸುವಾಗ ಕಮ್ಮಿ ಬಂತು, ಹೇಗೆ ಹೋಯ್ತು ಗೊತ್ತಿಲ್ಲ ಅಂದ್ರೆ ಅದಕ್ಕೆ ದುಡ್ಡು ಬರಲ್ಲ. ಗಿರಾಕಿ ಕೈಗೆ ನೀವಾಗೇ ಕೊಟ್ಟ ಒಡವೆ ಹೋದ್ರೂ ತಕರಾರು. ರಾತ್ರಿ ಸೇಫ್ ಒಳಗೆ ಇಡದೆ ಶೋಕೇಸಲ್ಲೇ ಬಿಟ್ಟ ಮಾಲಿಗೂ ಇಲ್ಲ. ಇನ್ಶೂರೆನ್ಸ್ ಕಡೆಯಿಂದ ನಷ್ಟ ನೋಡೋ ಸರ್ವೇಯರ್ ಬಂದು ಎರಡೇ ಪ್ರಶ್ನೆ ಕೇಳಿದ್ರಂತೆ, ಯಾವಾಗ ಹೋಯ್ತು, ಯಾರ ಕೈಯಿಂದ ಹೋಯ್ತು. ಇವ್ರ ಹತ್ರ ಎರಡಕ್ಕೂ ಉತ್ತರ ಇಲ್ಲ, ಕ್ಲೇಮ್ ಬಿದ್ದೋಯ್ತು.

ಇಷ್ಟಾದ ಮೇಲೆ ಅಣ್ಣನಿಗೆ ತಲೆಯಲ್ಲಿ ಕೂತಿದ್ದು ಗನ್‌ಮ್ಯಾನ್. ಬಾಗಿಲಲ್ಲಿ ಬಂದೂಕು ಹಿಡ್ಕೊಂಡು ಒಬ್ಬ ನಿಲ್ಬೇಕು, ಜೊತೆಗೆ ಇನ್ನೂ ಎಂಟು ಹತ್ತು ಕ್ಯಾಮೆರಾ ಹಾಕ್ಸಿಬಿಡಿ ಸಾರ್ ಅಂದ್ರು. ಅವ್ರ ಭಯಕ್ಕೂ ಕಾರಣ ಇತ್ತು. 2021ರ ಆಗಸ್ಟಲ್ಲಿ ವಿದ್ಯಾರಣ್ಯಪುರಂನಲ್ಲಿ ಸಂಜೆ ಹೊತ್ತು ಚಿನ್ನದ ಅಂಗಡಿಗೆ ನುಗ್ಗಿ ದರೋಡೆ ಮಾಡಿದ್ದು, ಅಂಗಡಿ ಹತ್ರ ಬಂದಿದ್ದ ಒಬ್ಬ ಯುವಕ ಗುಂಡೇಟಿಗೆ ಸತ್ತಿದ್ದು ಮೈಸೂರಲ್ಲಿ ಯಾವ ಚಿನ್ನದ ವ್ಯಾಪಾರಿನೂ ಮರೆತಿಲ್ಲ. ತಮ್ಮನ ವಾದ ಬೇರೆ, ಗನ್‌ಮ್ಯಾನ್ ನಿಲ್ಸಿದ್ರೆ ಹಳ್ಳಿ ಕಡೆ ಹೆಂಗಸರು ಒಳಗೆ ಕಾಲಿಡೋಕೇ ಹಿಂದೆಮುಂದೆ ನೋಡ್ತಾರೆ ಅಂತ. ಇಬ್ರೂ ನನ್ನ ಮುಖ ನೋಡಿದ್ರು. ಮೊದ್ಲು ಸ್ಟಾಕ್ ಪೂರ್ತಿ ತೂಗೋಣ, ಒಂದೊಂದು ಒಡವೆಯನ್ನೂ ಅದ್ರ ಟ್ಯಾಗಲ್ಲಿರೋ ತೂಕಕ್ಕೆ ತಾಳೆ ಹಾಕೋಣ, ಏನು ಖರ್ಚು ಮಾಡೋದು ಅಂತ ಆಮೇಲೆ ಅಂದೆ.

ಅಂಗಡಿ ಮುಚ್ಚಿದ ಮೇಲೆ ಕೂತ್ಕೊಂಡು ತೂಗಿದ್ವಿ, ಮುಗಿಯೋ ಹೊತ್ತಿಗೆ ಬೆಳಗಿನ ಹಾಲಿನ ಗಾಡಿ ಬಂದಿತ್ತು. ಈ ಪ್ರಕರಣ ತಿರುಗಿದ್ದು ಆ ರಾತ್ರಿಯಲ್ಲೇ. ಹೋಗಿದೆ ಅಂತ ಗೊತ್ತಿದ್ದಿದ್ದು ಒಂದು ಚೈನು. ಸಿಕ್ಕಿದ್ದು ಅದ್ರ ಮೇಲೆ ಎರಡು ಉಂಗುರ, ಟ್ರೇಯಲ್ಲೇ ಕೂತಿವೆ, ಟ್ಯಾಗ್ ಇದೆ, ಎಣಿಕೆಗೆ ಸರಿಯಾಗಿ ಬರ್ತವೆ, ಆದ್ರೆ ಚಿನ್ನ ಅಲ್ಲ. ಮೇಲೆ ಪಾಲಿಶ್ ಕೊಟ್ಟ ಹಿತ್ತಾಳೆ. ನಿಜವಾದ ಉಂಗುರದ ಟ್ಯಾಗ್ ಕತ್ತರಿಸಿ ಇದಕ್ಕೆ ದಾರದಲ್ಲಿ ಕಟ್ಟಿದಾರೆ. ಯಾವಾಗ ಆಯ್ತೋ ದೇವರಿಗೇ ಗೊತ್ತು, ಹೋದ ವರ್ಷದ ದೀಪಾವಳಿದೂ ಆಗಿರಬಹುದು. ಎಣಿಸೋರಿಗೆ ಇಪ್ಪತ್ನಾಲ್ಕು ಉಂಗುರ ಬೇಕಿತ್ತು, ಇಪ್ಪತ್ನಾಲ್ಕು ಇತ್ತು, ಪುಸ್ತಕದಲ್ಲಿ ಟಿಕ್ ಹಾಕಿದಾರೆ ವಾರ ವಾರ.

ಅಣ್ಣ ತುಂಬಾ ಹೊತ್ತು ಮಾತೇ ಆಡ್ಲಿಲ್ಲ. ಆಮೇಲೆ ಅವ್ರೇ ಅಂದ್ರು, "ಬಾಗಿಲಲ್ಲಿ ಗನ್‌ಮ್ಯಾನ್ ಇದ್ದಿದ್ರೂ ಈ ಕಳ್ಳರಿಗೆ ಬಾಗಿಲು ತೆಗೆದು ಕೈ ಮುಗಿದು ಕಳಿಸ್ತಿದ್ದ, ಅಲ್ವಾ ಸಾರ್."

ಹಬ್ಬದಲ್ಲಿ ಜನ ಜಾಸ್ತಿ ಆಗ್ತಾರೆ ಅದಕ್ಕೆ ಕಳ್ಳತನ ಜಾಸ್ತಿ ಅಂತ ಎಲ್ರೂ ಹೇಳ್ತಾರೆ. ನಾನು ನೋಡಿದ ಹಾಗೆ ಜನ ಅಷ್ಟು ಮುಖ್ಯ ಅಲ್ಲ, ಹಬ್ಬದಲ್ಲಿ ಅಂಗಡಿಯವ್ರು ತಮ್ಮ ನಿಯಮ ತಾವೇ ಸಡಿಲ ಬಿಡ್ತಾರೆ, ಅಯ್ಯೋ ಹಬ್ಬ ಅಲ್ವಾ ಬಿಡಿ ಅಂತ. ಮಾಮೂಲಿ ದಿನ ಒಂದು ಟ್ರೇ ತೋರ್ಸೋ ಕಡೆ ಮೂರು ಟ್ರೇ ಹರಡ್ತಾರೆ, ಕೌಂಟರ್ ಒಳಗಡೆ ನೆಂಟರ ಮಕ್ಕಳು ಓಡಾಡ್ತಿರ್ತಾರೆ, ಕೀ ಗೊಂಚಲು ಕ್ಯಾಶ್ ಟೇಬಲ್ ಮೇಲೇ ಬಿದ್ದಿರುತ್ತೆ. ಕಾದು ಕೂತೋರು ಕಾಯೋದು ಇದನ್ನೇ. ಹಾಗಾಗಿ ಇವ್ರ ಅಂಗಡಿಯಲ್ಲಿ ದುಡ್ಡು ಸುರಿಯೋ ಕೆಲಸಕ್ಕಿಂತ ಮೊದ್ಲು ಅಭ್ಯಾಸ ಬದಲಾಯಿಸೋ ಕೆಲಸ ಇಟ್ಕೊಂಡ್ವಿ.

ಮೊದಲನೇದು ಟ್ರೇ ತೂಕ. 22 ಕ್ಯಾರೆಟ್ ಚಿನ್ನಕ್ಕೂ ಹಿತ್ತಾಳೆಗೂ ಸಾಂದ್ರತೆಯಲ್ಲಿ ಸುಮಾರು ಎರಡು ಪಟ್ಟು ವ್ಯತ್ಯಾಸ ಇದೆ, ಅದೇ ಸೈಜಿನ ಹಿತ್ತಾಳೆ ಉಂಗುರ ಹೆಚ್ಚುಕಮ್ಮಿ ಅರ್ಧ ತೂಗುತ್ತೆ. ಕಣ್ಣಿಗೆ ಮೋಸ ಮಾಡಬಹುದು, ತಕ್ಕಡಿಗೆ ಆಗಲ್ಲ. ನಾಲ್ಕು ಗ್ರಾಂ ಉಂಗುರ ಹೋಗಿ ಹಿತ್ತಾಳೇದು ಬಂದು ಕೂತ್ರೆ ಟ್ರೇ ತೂಕ ಎರಡು ಗ್ರಾಂ ಇಳಿಯುತ್ತೆ, ಮಿಲಿಗ್ರಾಂ ತೋರ್ಸೋ ತಕ್ಕಡಿಗೆ ಅದು ದೊಡ್ಡ ವ್ಯತ್ಯಾಸ. ಪ್ರತಿ ಟ್ರೇಗೂ ಒಂದು ಚೀಟಿ, ಅದ್ರಲ್ಲಿ ಎಷ್ಟು ಪೀಸು, ಟ್ರೇ ಸಮೇತ ಎಷ್ಟು ತೂಕ. ಗಿರಾಕಿ ಮುಂದೆ ಇಡೋ ಮುಂಚೆ ತಕ್ಕಡಿ, ವಾಪಸ್ ಒಳಗೆ ಹೋಗೋ ಮುಂಚೆ ತಕ್ಕಡಿ. ಏನಾದ್ರೂ ಮಾರಾಟ ಆದ್ರೆ ಅಷ್ಟು ಕಳೆದು ಹೊಸ ತೂಕ ಬರೀಬೇಕು. ಒಬ್ಬ ಗಿರಾಕಿ ಮುಂದೆ ಒಂದು ಹೊತ್ತಿಗೆ ಒಂದೇ ಟ್ರೇ.

ಸೇಲ್ಸ್ ಹುಡುಗ್ರು ಒಪ್ಪಲಿಲ್ಲ. ಹದಿನೈದು ವರ್ಷದಿಂದ ಇರೋ ಒಬ್ರಂತೂ ಮುಖ ಊದಿಸ್ಕೊಂಡು ಕೂತ್ರು, ನನ್ ಮೇಲೆ ಅನುಮಾನ ಇದ್ರೆ ಹೇಳ್ಬಿಡಿ ಯಜಮಾನ್ರೇ, ನಾಳೆಯಿಂದ ಬರಲ್ಲ ಅಂತ. ಇಲ್ಲಿ ತಮ್ಮ ಮಾಡಿದ್ದು ಒಳ್ಳೆ ಕೆಲಸ, ಮೊದಲ ದಿನ ತಾವೇ ಕೌಂಟರ್ ಹಿಂದೆ ನಿಂತು ಟ್ರೇ ತೂಗಿ ತಮ್ಮ ಚೀಟಿಗೆ ಆ ಹಿರಿಯರ ಹತ್ರಾನೇ ಸಹಿ ಹಾಕ್ಸಿದ್ರು. ಯಜಮಾನ್ರೇ ತೂಗ್ತಾರೆ ಅಂದ್ಮೇಲೆ ಮಾತು ಅಲ್ಲಿಗೆ ಮುಗೀತು. ಗಿರಾಕಿಗಳಿಗೆ ಮಾತ್ರ ಸಮಾಧಾನ ಆಗ್ಲಿಲ್ಲ. ಮದುವೆಗೆ ಕಾಸಿನ ಸರ ನೋಡೋಕೆ ಬಂದಿದ್ದ ಒಂದು ಮನೆಯವ್ರು, ನಾವೇನು ಕಳ್ಳರಾ ಅಂತ ಎದ್ದೋದ್ರು. ದೊಡ್ಡ ವ್ಯಾಪಾರ ಅದು. ಅವತ್ತು ರಾತ್ರಿ ಅಣ್ಣ ಫೋನ್ ಮಾಡಿ ನಿಯಮ ತೆಗೆದು ಹಾಕೋಣ ಅಂದ್ರು, ಕೊನೆಗೆ ಒಂದು ತಿದ್ದುಪಡಿ ಆಯ್ತು: ಮದುವೆ ಸೆಟ್ ನೋಡೋರಿಗೆ ಒಳಗೆ ಬೇರೆ ಮೇಜು, ಅಲ್ಲಿ ಎರಡು ಟ್ರೇ, ಆದ್ರೆ ಒಬ್ರ ಬದ್ಲು ಇಬ್ರು ಸೇಲ್ಸ್‌ನವ್ರು, ಕಾಫಿ ಕೊಡೋ ಹುಡುಗ ಬೇರೆ. ತಕ್ಕಡಿ ಅಲ್ಲೂ ಇತ್ತು.

ಕ್ಯಾಮೆರಾ ಹೊಸದು ಎಂಟು ಹತ್ತು ಬೇಕಾಗ್ಲಿಲ್ಲ. ಇದ್ದದ್ದನ್ನೇ ಕೆಳಗಿಳಿಸಿ ಕೌಂಟರ್ ಮಟ್ಟಕ್ಕೆ ಕೈ ಕಾಣೋ ಹಾಗೆ ತಿರುಗಿಸಿದ್ವಿ, ಬಾಗಿಲಿಗೆ ಮಾತ್ರ ಎದುರು ಬೆಳಕಲ್ಲೂ ಮುಖ ತೋರ್ಸೋ ಒಂದು ಹೊಸದು, ಅದೂ ಹೊರಗೆ ಹೋಗೋರ ಮುಖದ ಎತ್ತರಕ್ಕೆ. ರೆಕಾರ್ಡರ್ ದೇವರ ಮನೆ ಪಕ್ಕದ ಗೂಡಲ್ಲಿ ಧೂಳು ಹಿಡೀತಾ ಇತ್ತು, ಯಾರು ಬೇಕಾದ್ರೂ ವೈರ್ ಕಿತ್ಕೊಂಡು ಎತ್ಕೊಂಡು ಹೋಗಬಹುದಿತ್ತು, ಅದನ್ನ ಸ್ಟ್ರಾಂಗ್ ರೂಮ್ ಒಳಗೆ ಬೀಗ ಹಾಕಿದ ಡಬ್ಬಕ್ಕೆ ಹಾಕಿದ್ವಿ. ಅದ್ರ ಗಡಿಯಾರ ಹನ್ನೊಂದು ನಿಮಿಷ ಹಿಂದೆ ಓಡ್ತಿತ್ತು. ಸಣ್ಣ ವಿಷಯ ಅನ್ಸುತ್ತೆ, ಆದ್ರೆ ಫೂಟೇಜ್ ಕೋರ್ಟಿಗೆ ಹೋಗೋದಿದ್ರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಸರ್ಟಿಫಿಕೇಟ್ ಬೇಕು, ಬಿಲ್ಲಲ್ಲಿ ಒಂದು ಟೈಮು ವಿಡಿಯೋದಲ್ಲಿ ಇನ್ನೊಂದು ಟೈಮು ಇದ್ರೆ ಎದುರು ಪಾರ್ಟಿ ಲಾಯರಿಗೆ ಹಬ್ಬ.

ಗನ್‌ಮ್ಯಾನ್ ವಿಚಾರ ಕೊನೆಗೂ ಬೇಡ ಅಂತಾಯ್ತು. ಇಷ್ಟು ಕಿರಿದಾದ ಅಂಗಡಿಯಲ್ಲಿ, ಹಬ್ಬದ ಗಿಜಿಗಿಜಿಯಲ್ಲಿ ಗುಂಡು ಹಾರಿದ್ರೆ ಯಾರಿಗೆ ಬೀಳುತ್ತೆ ಅಂತ ಯಾರು ಹೇಳ್ತಾರೆ. ಬದ್ಲಿಗೆ ಲೈಸೆನ್ಸ್ ಇರೋ ಏಜೆನ್ಸಿ ಕಡೆಯಿಂದ ಒಬ್ಬ ವಯಸ್ಸಾದ ಮಾಜಿ ಸೈನಿಕರು ಬಂದ್ರು, ಕೈಯಲ್ಲಿ ಏನಿಲ್ಲ, ಬಾಗಿಲಲ್ಲಿ ನಿಂತು ಒಬ್ಬೊಬ್ರ ಕಣ್ಣಲ್ಲಿ ಕಣ್ಣಿಟ್ಟು ನಮಸ್ಕಾರ ಹೇಳ್ತಾರೆ, ಹೆಲ್ಮೆಟ್ ತೆಗೀರಿ ಸ್ವಾಮಿ ಅಂತಾರೆ. ಕದಿಯೋಕೆ ಬಂದೋನಿಗೆ ತನ್ನ ಮುಖ ಯಾರೋ ನೋಡಿದ್ರು ಅನ್ನೋದೇ ದೊಡ್ಡ ಕಿರಿಕಿರಿ. ಕೌಂಟರ್ ಕೆಳಗೆ ಒಂದು ಅಲಾರಂ ಬಟನ್, 112ಕ್ಕೆ ಯಾರು ಫೋನ್ ಮಾಡ್ಬೇಕು ಅಂತ ಮೊದ್ಲೇ ಹೆಸ್ರು ಗೊತ್ತು ಮಾಡಿದ್ದು, ದರೋಡೆ ಅಂತ ಆದ್ರೆ ಯಾರೂ ಹೀರೋ ಆಗ್ಬಾರ್ದು ಕೇಳಿದ್ದು ಕೊಟ್ಬಿಡಿ ಅಂತ ಎಲ್ರಿಗೂ ಹೇಳಿದ್ದು, ಅಷ್ಟೇ. ದರೋಡೆಗೆ ನಿಜವಾಗಿ ಭಯ ಪಡಬೇಕಾದ ಹೊತ್ತು ರಾತ್ರಿ ಮುಚ್ಚೋ ಮುಂಚಿನ ಮುಕ್ಕಾಲು ಗಂಟೆ, ಶಟರ್ ಅರ್ಧ ಇಳಿಸಿ ಶೋಕೇಸಿಂದ ಸ್ಟ್ರಾಂಗ್ ರೂಮಿಗೆ ಮಾಲು ಸಾಗಿಸೋವಾಗ. ಅದನ್ನ ಶಟರ್ ಪೂರ್ತಿ ಇಳಿಸಿ, ಒಳಗಿಂದ ಬೀಗ ಹಾಕಿ ಮಾಡೋದಕ್ಕೆ ಬದಲಾಯಿಸಿದ್ವಿ, ಹೊರಗೆ ಗಾರ್ಡ್. ಹಾಲ್‌ಮಾರ್ಕ್ ಸೆಂಟರಿಗೆ ಸ್ಕೂಟರ್ ಡಿಕ್ಕಿಯಲ್ಲಿ ಮಾಲು ಇಟ್ಕೊಂಡು ದಿನಾ ಹನ್ನೊಂದಕ್ಕೆ ಹೋಗೋ ಹುಡುಗನ ಟೈಮೂ ದಾರಿಯೂ ಬದಲಾಯ್ತು, ಜೊತೆಗೆ ಇನ್ನೊಬ್ಬ. ಬೆನ್ನ ಮೇಲೆ ಗಲೀಜು ಎರಚೋದು, ನೋಟು ಚೆಲ್ಲಿ ನಿಮ್ದಾ ಅಂತ ಕೇಳೋದು ಇವೆಲ್ಲ ಗಮನ ಬೇರೆ ಕಡೆ ತಿರುಗಿಸಿ ಮಾಲು ಹೊಡೆಯೋ ಹಳೇ ಆಟ, ಆದ್ರೂ ಇವತ್ತಿಗೂ ನಡೆಯುತ್ತೆ.

ಟೆಂಪರರಿ ಹುಡುಗ್ರ ಪೊಲೀಸ್ ವೆರಿಫಿಕೇಶನ್‌ಗೆ ಅರ್ಜಿ ಹಾಕಿದ್ವಿ, ಹಬ್ಬದೊಳಗೆ ಎಲ್ಲಾ ಬರ್ಲಿಲ್ಲ. ಬರದೇ ಇದ್ದೋರು ಚಿನ್ನದ ಕೌಂಟರಿಗೆ ಇಲ್ಲ, ಬೆಳ್ಳಿ ಮತ್ತೆ ಪ್ಯಾಕಿಂಗ್ ಅಂತ ತೀರ್ಮಾನ ಆಯ್ತು. ಈ ತೀರ್ಮಾನ ಮುಂದೆ ಬೇರೆ ಕಡೆಯಿಂದ ಬಂದು ಹೊಡೀತು, ಹೇಳ್ತೀನಿ.

ಎಲ್ಲಕ್ಕಿಂತ ಕಷ್ಟ ಆಗಿದ್ದು ಆಯುಧ ಪೂಜೆ. ಈ ಮನೇಲಿ ನಡೆದು ಬಂದ ಪದ್ಧತಿ ಅಂದ್ರೆ ಮಹಾನವಮಿ ದಿನ ಸಂಜೆ ತಿಜೋರಿ ಬಾಗಿಲು ತೆಗೆದಿಟ್ಟು, ತಕ್ಕಡಿ, ಬಟ್ಟು, ಲೆಕ್ಕದ ಪುಸ್ತಕ, ಬೀಗದ ಕೈ ಗೊಂಚಲು ಎಲ್ಲಾ ಸಾಲಾಗಿ ಜೋಡಿಸಿ ಅರಿಶಿನ ಕುಂಕುಮ ಹಚ್ಚಿ ಪೂಜೆ, ಕೆಲಸದವ್ರ ಮನೆಯವ್ರು, ಅಕ್ಕಪಕ್ಕದ ಅಂಗಡಿಯವ್ರು, ತಿಂಗಳ ಚೀಟಿ ಕಟ್ಟೋ ಗಿರಾಕಿಗಳು ಎಲ್ಲಾ ಒಳಗೆ ಬರ್ತಾರೆ, ಪುರಿ ಸಿಹಿ ಹಂಚ್ತಾರೆ, ಬೂದುಗುಂಬಳಕಾಯಿ ಒಡೆಯೋಕೆ ಎಲ್ರೂ ಹೊರಗೆ ರಸ್ತೆಗೆ ಹೋಗ್ತಾರೆ. ಆ ಹೊತ್ತಲ್ಲಿ ಒಳಗೆ ತೆಗೆದ ತಿಜೋರಿ, ಕೈಗೆ ಸಿಗೋ ಕೀ, ಕಾಯೋರು ಯಾರೂ ಇಲ್ಲ. ಕೀಗೆ ಒಂದು ಸೋಪಿನ ಅಚ್ಚು ಹೊಡ್ಕೊಳ್ಳೋಕೆ ಎಷ್ಟು ಹೊತ್ತು ಬೇಕು. ಇದನ್ನ ಹೇಳಿದ್ದಕ್ಕೆ ಮನೆಯ ಹಿರಿ ಜೀವ, ಇವ್ರ ತಾಯಿ, ನನ್ನನ್ನ ದುರುಗುಟ್ಟಿ ನೋಡಿ "ಬೀಗದ ಕೈ ಇಡ್ದೇ ಅದ್ಯಾತರ ಆಯುಧ ಪೂಜೆನಪ್ಪಾ" ಅಂದ್ರು. ಅವ್ರ ಮಾತು ತೆಗೆದುಹಾಕೋ ಧೈರ್ಯ ಇಬ್ರು ಮಕ್ಕಳಿಗೂ ಇಲ್ಲ, ನನಗಂತೂ ಮೊದಲೇ ಇಲ್ಲ. ದಾರಿ ಹುಡುಕಿದ್ದು ಹಿರಿ ಸೊಸೆ. ಬೆಳಗ್ಗೆ ಅಂಗಡಿ ತೆಗೆಯೋ ಮುಂಚೆ ಮನೆಯವ್ರಷ್ಟೇ ಸೇರಿ ತಿಜೋರಿ ಮುಂದೆ, ಕೀ ಸಮೇತ ಪೂರ್ತಿ ಪೂಜೆ. ಪೂಜೆ ಆದ ಮೇಲೆ ಕೀ ಸೊಸೆ ಸೊಂಟಕ್ಕೆ, ಸ್ಟ್ರಾಂಗ್ ರೂಮಿಗೆ ಬೀಗ. ಸಂಜೆ ಎಲ್ರಿಗೂ ಅಂತ ಮುಂದಿನ ಹಾಲಲ್ಲಿ ತಕ್ಕಡಿ, ಪುಸ್ತಕ, ದೇವರ ಫೋಟೋ ಇಟ್ಟು ಮಂಗಳಾರತಿ. ಅಮ್ಮಾವ್ರು, ಬೆಳಗ್ಗೆ ಮುಹೂರ್ತ ಚೆನ್ನಾಗಿದೆ ಅಂತ ಪುರೋಹಿತ್ರು ಹೇಳಿದ ಮೇಲೆ ಒಪ್ಕೊಂಡ್ರು, ಪುರೋಹಿತ್ರಿಗೆ ಯಾರು ಹೇಳಿಕೊಟ್ರೋ ನಾನು ಕೇಳಕ್ಕೆ ಹೋಗ್ಲಿಲ್ಲ.

ವಿಜಯದಶಮಿ ದಿನ ಅಂಗಡಿ ಮುಚ್ಚಿರುತ್ತೆ. ಜಂಬೂಸವಾರಿ ಅರಮನೆಯಿಂದ ಸಯ್ಯಾಜಿರಾವ್ ರಸ್ತೆ ಮೇಲೆ ಬನ್ನಿಮಂಟಪಕ್ಕೆ ಹೋಗೋವಾಗ ಸುತ್ತಮುತ್ತ ಕಟ್ಟಡಗಳ ತಾರಸಿ ಮೇಲೆಲ್ಲಾ ಜನ, ಪೊಲೀಸರ ಗಮನ ಪೂರ್ತಿ ಮೆರವಣಿಗೆ ಬಂದೋಬಸ್ತ್ ಮೇಲೆ, ತಮಟೆ ನಗಾರಿ ಸದ್ದಲ್ಲಿ ಗೋಡೆ ಕೊರೆದ್ರೂ ಕೇಳಲ್ಲ. ಅದಕ್ಕೆ ತಾರಸಿ ಬಾಗಿಲಿಗೆ ಕಬ್ಬಿಣದ ಗ್ರಿಲ್, ಗಲ್ಲಿ ಕಡೆ ಒಂದು ಸೆನ್ಸರ್ ಲೈಟು, ಗೋಡೆ ಅಲುಗಿದ್ರೆ ಫೋನಿಗೆ ಅಲಾರಂ. ಅವತ್ತು ಏನೂ ಆಗ್ಲಿಲ್ಲ.

ಆಗಿದ್ದು ಅದಕ್ಕಿಂತ ಮುಂಚೆ, ನವರಾತ್ರಿ ಮಧ್ಯೆ ಒಂದು ಸಂಜೆ, ದೀಪಾಲಂಕಾರ ನೋಡೋಕೆ ಬಂದ ಜನ ಎಲ್ಲಾ ಅಂಗಡಿಗೂ ತುಂಬ್ಕೊಂಡಿದ್ದಾಗ. ಚೆನ್ನಾಗಿ ಉಟ್ಟು ತೊಟ್ಟ ಇಬ್ರು ಹೆಂಗಸರು, ಜೊತೆಗೊಬ್ಬ ಗಂಡಸು ಫೋನಲ್ಲಿ ಮಾತಾಡ್ತಾ. ಉಂಗುರ ನೋಡಿದ್ರು, ಒಬ್ರು ಈ ಕಡೆ ರೇಟು ಕೇಳೋದು, ಇನ್ನೊಬ್ರು ಆ ಕಡೆ ನೀರು ಕೇಳೋದು. ಸೇಲ್ಸ್ ಹುಡುಗಿ ಟ್ರೇ ವಾಪಸ್ ಇಡೋ ಮುಂಚೆ ತಕ್ಕಡಿ ಮೇಲಿಟ್ಲು, ಎರಡು ಗ್ರಾಂ ಚಿಲ್ಲರೆ ಕಮ್ಮಿ. ಎಣಿಕೆ ಸರಿ ಇತ್ತು. ಅವ್ಳು ಮೊದ್ಲೇ ಮಾತಾಡ್ಕೊಂಡಿದ್ದ ಹಾಗೆ "ಅಣ್ಣಾ, ಹಳೇ ಬಿಲ್ ಬುಕ್ ಕೊಡಿ" ಅಂತ ಕೂಗಿದ್ಲು. ಅಣ್ಣನಿಗೆ ಅರ್ಥ ಆಯ್ತು, ಅವ್ರ ಮೊದಲ ಯೋಚನೆ ಶಟರ್ ಎಳೆದುಬಿಡೋದು.

ಎಳೀಲಿಲ್ಲ, ಅದೇ ಒಳ್ಳೇದಾಯ್ತು. ಒಳಗೆ ಮೂವತ್ತು ಜನ, ಮಕ್ಕಳು ಬೇರೆ. ಅನುಮಾನದ ಮೇಲೆ ಗಿರಾಕಿನ ಕೂಡಿ ಹಾಕಿದ್ರೆ ಭಾರತೀಯ ನ್ಯಾಯ ಸಂಹಿತೆಯ 127ನೇ ಸೆಕ್ಷನ್ ಅಂಗಡಿಯವ್ರ ಮೇಲೇ ತಿರುಗಬಹುದು, ಹೆಂಗಸರ ಮೈ ಮುಟ್ಟಿ ಹುಡುಕೋ ಅಧಿಕಾರ ಅಂತೂ ಅಂಗಡಿಯವ್ರಿಗೆ ಇಲ್ಲವೇ ಇಲ್ಲ. ಗಾರ್ಡ್ ಬಾಗಿಲಿಗೆ ಅಡ್ಡ ಬಂದು ನಿಂತ್ರು, ತಡೆಯೋ ಹಾಗೆ ಅಲ್ಲ, ಸುಮ್ನೆ. ತಮ್ಮ ಹೋಗಿ ಕೈ ಮುಗಿದು, "ಅಕ್ಕಾ, ನಮ್ ಹುಡುಗಿ ಟ್ಯಾಗ್ ಅದಲು ಬದಲು ಮಾಡ್ಬಿಟ್ಟಿದಾಳೆ, ನಿಮ್ ಕೈಯಲ್ಲಿ ಏನಾದ್ರೂ ಉಳ್ಕೊಂಡಿದ್ಯಾ ನೋಡಿ, ಕ್ಯಾಮೆರಾದಲ್ಲೂ ನೋಡಿಸ್ತಿದೀನಿ" ಅಂದ್ರು. ಕ್ಯಾಮೆರಾ ಅನ್ನೋ ಮಾತು ಕಿವಿಗೆ ಬಿದ್ದಿದ್ದೇ ತಡ, ಅಯ್ಯೋ ಇದು ನಿಮ್ದಾ, ನಂದೇ ಅನ್ಕೊಂಡೆ ಅಂತ ಉಂಗುರ ಕೌಂಟರ್ ಮೇಲೆ ಬಂತು. ಮೂವರೂ ಹೊರಟ್ರು, ಗಂಡಸು ಫೋನಲ್ಲಿ ಮಾತಾಡ್ತಾನೇ.

ಬಿಟ್ಟು ಕಳಿಸಿದ್ದು ಸರಿನಾ ಅಂತ ಅಣ್ಣತಮ್ಮಂದಿರಿಗೆ ಇವತ್ತಿಗೂ ಜಗಳ ಇದೆ. ಮಾಲು ಬಂತಲ್ಲ, ಹಬ್ಬದಲ್ಲಿ ಸ್ಟೇಷನ್ ಅಲೆಯೋಕೆ ಯಾರಿಗೆ ಟೈಮಿದೆ ಅನ್ನೋದು ಅಣ್ಣನ ಮಾತು. ಸುಮ್ನೆ ಬಿಡಬಾರ್ದು, ದೂರು ಕೊಡ್ಲೇಬೇಕು ಅನ್ನೋದು ತಮ್ಮನ ಮಾತು, ನಾನು ತಮ್ಮನ ಕಡೆ. ಮಾರನೇ ದಿನ ಫೂಟೇಜು, ಅವ್ರು ಬಿಟ್ಟೋದ ಹಿತ್ತಾಳೆ ಉಂಗುರ ತಗೊಂಡು ಹೋಗಿ ಸ್ಟೇಷನ್ನಲ್ಲಿ ದೂರು ಬರೆದುಕೊಟ್ರು. ಅಕ್ಕಪಕ್ಕದ ಅಂಗಡಿಯವ್ರ ವಾಟ್ಸಾಪ್ ಗ್ರೂಪಿಗೆ ಮುಖದ ಫೋಟೋ ಹಾಕೋದು ಬೇಡ ಅಂದೆ, ತಪ್ಪಾದ್ರೆ ಮಾನನಷ್ಟ ಅಂತ ನಮ್ಮ ಮೇಲೇ ಬರುತ್ತೆ. ಹೇಗೆ ಬಂದ್ರು, ಏನು ಕೇಳಿದ್ರು, ನಿಮ್ಮ ಉಂಗುರದ ಟ್ರೇ ಎಲ್ಲಾ ಒಂದ್ಸಲ ತೂಗಿ ಅಂತ ಮಾತ್ರ ಹಾಕಿದ್ರು. ಒಬ್ರು ತೂಗಿ, ತಮ್ಮಲ್ಲೂ ಒಂದು ಸಿಕ್ತು ಅಂತ ಗ್ರೂಪಲ್ಲಿ ಅಲ್ಲ, ಖಾಸಗಿಯಾಗಿ ಫೋನ್ ಮಾಡಿ ಹೇಳಿದ್ರು. ಇದೇ ನೋಡಿ ಈ ವ್ಯಾಪಾರದ ಕಾಯಿಲೆ, ಮೋಸ ಹೋದೆ ಅನ್ನೋಕೆ ನಾಚಿಕೆ, ಅದೇ ಕಳ್ಳರಿಗೆ ಬಂಡವಾಳ.

ಇದೇ ತಕ್ಕಡಿ ಒಂದ್ಸಲ ಮುಜುಗರಾನೂ ತಂತು. ಹಳೇ ಗಿರಾಕಿ ಒಬ್ಬ ಅಜ್ಜಿ ಕೈಗೆ ಹಾಕಿ ನೋಡಿದ ಬಳೆ ಮರೆತು ಹಾಗೇ ಎದ್ದು ಹೊರಟಿದ್ರು. ಈ ಸಲ ಬಿಲ್ ಬುಕ್ ಅಂತ ಯಾರೂ ಕೂಗ್ಲಿಲ್ಲ, ಹಿರಿಯ ಸೇಲ್ಸ್‌ನವ್ರೇ, ಮುಖ ಊದಿಸ್ಕೊಂಡಿದ್ರಲ್ಲ ಅವ್ರೇ, ಮೆಟ್ಟಿಲ ತನಕ ಕೈ ಹಿಡ್ಕೊಂಡು ಹೋಗಿ "ಅಜ್ಜಿ, ಬಳೆ ಇಷ್ಟ ಆಯ್ತಾ, ಬಿಲ್ ಮಾಡ್ಲಾ" ಅಂತ ಕೇಳಿದ್ರು. ಅಜ್ಜಿ ನಕ್ಕು ಬಳೆ ಬಿಚ್ಚಿ ಕೊಟ್ರು. ಎಲ್ಲಿ ಹೇಗೆ ಮಾತಾಡ್ಬೇಕು ಅನ್ನೋದು ಗೊತ್ತಿರೋ ಅಂಥ ಒಬ್ರು ಅಂಗಡಿಯಲ್ಲಿ ಇದ್ರೆ ಎಷ್ಟೋ ಕ್ಯಾಮೆರಾಗೆ ಸಮ.

ನಷ್ಟ ಆಗಿದ್ದು ಧನತ್ರಯೋದಶಿ ದಿನ, ಚಿನ್ನದಲ್ಲಲ್ಲ. 2025ರ ಅಕ್ಟೋಬರಲ್ಲಿ 22 ಕ್ಯಾರೆಟ್ ಗ್ರಾಮಿಗೆ ಹನ್ನೆರಡು ಸಾವಿರದ ಹತ್ತಿರ ಹೋಗಿತ್ತಲ್ಲ, ಶಾಸ್ತ್ರಕ್ಕೆ ಅಂತ ಜನ ಬೆಳ್ಳಿ ನಾಣ್ಯಕ್ಕೆ ಮುಗಿಬಿದ್ರು, ಆ ಕೌಂಟರಲ್ಲಿ ಇದ್ದೋರು ಪೂರ್ತಿ ಹೊಸ ಹುಡುಗ್ರು. ಯಾರೋ ಕ್ಯೂಆರ್ ಸ್ಕ್ಯಾನ್ ಮಾಡಿ, ಹಸಿರು ಟಿಕ್ ಬಂದ ಸ್ಕ್ರೀನ್ ತೋರ್ಸಿ, ನಾಣ್ಯ ತಗೊಂಡು ಹೋಗಿದಾರೆ. ಪೇಮೆಂಟ್ ಆ್ಯಪ್ ಥರಾನೇ ಕಾಣೋ ನಕಲಿ ಆ್ಯಪ್ ಅದು, ದುಡ್ಡು ಬಂದೇ ಇಲ್ಲ. ಸೌಂಡ್ ಬಾಕ್ಸ್ ಇತ್ತು, ಗದ್ದಲದಲ್ಲಿ ಕೇಳಿಸ್ತಿಲ್ಲ ಅಂತ ಬೆಳಗ್ಗೆನೇ ಮೂಲೆಗೆ ಸರಿಸಿದ್ರು. ರಾತ್ರಿ ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ನೋಡುವಾಗ ಗೊತ್ತಾಯ್ತು, ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ರು. ಮಾರನೇ ದಿನದಿಂದ ಬೆಳ್ಳಿ ಕೌಂಟರಿಗೆ ಬೇರೆ ಕ್ಯೂಆರ್, ದುಡ್ಡು ಬಂದ ಮೆಸೇಜು ಅಂಗಡಿಯ ಫೋನಲ್ಲಿ ಕ್ಯಾಶಿಯರ್ ಕಣ್ಣಾರೆ ನೋಡಿ ಚೀಟಿಗೆ ಸೀಲ್ ಹೊಡೆದ ಮೇಲೇ ಪ್ಯಾಕೆಟ್ ಕೈಗೆ ಕೊಡೋದು. ಗಿರಾಕಿಯ ಫೋನ್ ಸ್ಕ್ರೀನ್ ನೋಡೋದೇ ಬೇಡ ಅಂತ ಹುಡುಗ್ರಿಗೆ ಹೇಳಿದ್ವಿ.

ದೀಪಾವಳಿ ಆದ ಮೇಲೆ ಪೂರ್ತಿ ಸ್ಟಾಕ್ ಮತ್ತೆ ತೂಗಿದ್ವಿ, ಚಿನ್ನದಲ್ಲಿ ತೂಕ ಟ್ಯಾಗಿಗೆ ಸರಿ ಬಂತು. ಪಾಲಿಸಿ ರಿನ್ಯೂ ಮಾಡುವಾಗ ಕೆಲಸದವ್ರಿಂದ ಆಗೋ ಮೋಸಕ್ಕೂ ಕವರ್ ಇರೋ ಹಾಗೆ ಕೇಳಿ ಬರೆಸ್ಕೊಂಡ್ರು, ದಿನದ ಟ್ರೇ ಚೀಟಿಗಳನ್ನ ಫೈಲ್ ಮಾಡಿಡೋಕೆ ಶುರು ಮಾಡಿದ್ರು, ಯಾವಾಗ ಹೋಯ್ತು ಯಾರ ಕೈಯಿಂದ ಹೋಯ್ತು ಅಂತ ಸರ್ವೇಯರ್ ಕೇಳಿದ್ರೆ ತೋರ್ಸೋಕೆ ಈಗ ಕಾಗದ ಇದೆ. ಹೆಚ್‌ಯುಐಡಿ ಅಂತ ಒಡವೆ ಮೇಲೆ ಆರು ಅಕ್ಷರದ ನಂಬರ್ 2023ರ ಏಪ್ರಿಲ್‌ನಿಂದ ಕಡ್ಡಾಯ ಇದೆಯಲ್ಲ, ಅದನ್ನೂ ಟ್ಯಾಗ್ ನಂಬರ್ ಜೊತೆ ರಿಜಿಸ್ಟರಲ್ಲಿ ಬರೀತಾರೆ, ಕದ್ದ ಮಾಲು ಕರಗಿಸೋ ಮುಂಚೆ ಎಲ್ಲಾದ್ರೂ ಸಿಕ್ರೆ ಇದು ನಮ್ದು ಅಂತ ಹೇಳೋಕೆ. ಗಾರ್ಡ್‌ನ ವರ್ಷಪೂರ್ತಿಗೆ ಇಟ್ಕೊಂಡ್ರು. ಉಂಗುರದ ದೂರಿನ ಮೇಲೆ ನಾನು ಇದನ್ನ ಬರೆಯೋ ತನಕ ಯಾರೂ ಸಿಕ್ಕಿಲ್ಲ.

ಧನುರ್ಮಾಸದಲ್ಲಿ ವ್ಯಾಪಾರ ತಣ್ಣಗಿರುತ್ತಲ್ಲ, ಆಗ ಒಂದಿನ ಹೇಳದೇ ಕೇಳದೇ ಹೋಗಿ ನೋಡಿದೆ. ಚೈನು ಉಂಗುರದ ಕೌಂಟರಲ್ಲಿ ಚೀಟಿ ನಡೀತಿದೆ, ಓಲೆ ಜುಮುಕಿ ಕೌಂಟರಲ್ಲಿ ನಿಂತೋಗಿತ್ತು, ಗಿರಾಕಿನೇ ಇಲ್ಲ ಸಾರ್ ಯಾರಿಗೆ ಅಂತ ತೂಗೋದು ಅಂದ್ರು. ಗಿರಾಕಿ ಇಲ್ದೇ ಇರೋವಾಗ ಟ್ರೇ ಹೊರಗೆ ಯಾಕಿದೆ ಅಂತ ಕೇಳಿದ್ದಕ್ಕೆ ಉತ್ತರ ಬರ್ಲಿಲ್ಲ, ಅಣ್ಣ ಎದ್ದು ಬಂದು ಆ ನಾಲ್ಕೂ ಟ್ರೇ ಒಳಗೆ ಇಡಿಸಿದ್ರು.